ಖಾರ್ಟೂಮ್‌ಗೆ ಕೆಲಸಕ್ಕೆ ಬರ್ತಿದೀರಾ? ಮೊದ್ಲು ಇದನ್ನ ಓದಿ

ಆಫರ್ ಲೆಟರ್ ಬಂದ ತಕ್ಷಣ ಎಲ್ರೂ ಕೇಳೋದು ಸಂಬಳ ಎಷ್ಟು, ರೂಮ್ ಕೊಡ್ತಾರಾ ಅಂತ. ಮೊದ್ಲು ಕೇಳ್ಬೇಕಾಗಿರೋದು ನದಿಯ ಯಾವ ದಡದಲ್ಲಿ ಇರಿಸ್ತಾರೆ, ಗಲಾಟೆ ಆದ್ರೆ ಅಲ್ಲಿಂದ ಹೊರಗೆ ಹೋಗೋ ದಾರಿ ಯಾವ್ದು ಅಂತ.

ಯಾಕಂದ್ರೆ ಸುಡಾನ್ ರಾಜಧಾನಿ ಖಾರ್ಟೂಮ್ ಅಂದ್ರೆ ಒಂದೂರಲ್ಲ, ಮೂರೂರು. ನೀಲಿ ನೈಲ್ ಇಥಿಯೋಪಿಯಾದಿಂದ, ಬಿಳಿ ನೈಲ್ ದಕ್ಷಿಣದಿಂದ ಬಂದು ಮೊಗ್ರಾನ್ ಹತ್ರ ಕೂಡ್ತವೆ, ಎರಡರ ಮಧ್ಯೆ ಖಾರ್ಟೂಮ್, ಪಶ್ಚಿಮಕ್ಕೆ ಓಮ್ಡುರ್ಮಾನ್, ನೀಲಿ ನೈಲ್ ಆಚೆ ಬಹ್ರಿ. ಎಲ್ಲಿಗೆ ಹೋಗ್ಬೇಕಂದ್ರೂ ಸೇತುವೆ. 2023ರ ಏಪ್ರಿಲ್ 15ಕ್ಕೆ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನೋ ಅರೆಸೈನಿಕ ಪಡೆಗೂ ಯುದ್ಧ ಶುರುವಾದಾಗ ಎಷ್ಟೋ ಜನ ಇದ್ದಲ್ಲೇ ಸಿಕ್ಕಾಕೊಂಡ್ರು, ಓಮ್ಡುರ್ಮಾನ್‌-ಬಹ್ರಿ ನಡುವಿನ ಶಂಬಾತ್ ಸೇತುವೆಯಂತೂ ಅದೇ ವರ್ಷ ಮುರಿದೇ ಹೋಯ್ತು. ಭಾರತೀಯರನ್ನ ಹೊರಗೆ ಕರ್ಕೊಂಡು ಬರೋಕೆ ನಮ್ ಸರ್ಕಾರ ಮಾಡಿದ ಆಪರೇಷನ್ ಕಾವೇರಿಲಿ ಹೊರಟೋರು ಬಸ್ಸಲ್ಲಿ 800 ಕಿಲೋಮೀಟರ್‌ಗಿಂತ ಜಾಸ್ತಿ ಪೋರ್ಟ್ ಸುಡಾನ್‌ಗೆ ಹೋಗಿ, ಅಲ್ಲಿಂದ ಹಡಗಲ್ಲೋ ವಿಮಾನದಲ್ಲೋ ಸೌದಿಯ ಜೆಡ್ಡಾ ಸೇರಿದ್ದು. ಗಿಡಮೂಲಿಕೆ ಮಾರೋಕೆ ಸುಡಾನ್‌ಗೆ ಬಂದಿದ್ದ ನಮ್ ಹಕ್ಕಿಪಿಕ್ಕಿ ಜನ ಪಟ್ಟ ಪಾಡು ಆಗ ಪೇಪರಲ್ಲಿ ಓದಿರ್ತೀರ.

2025ರ ಮಾರ್ಚಲ್ಲಿ ಸೈನ್ಯ ಖಾರ್ಟೂಮ್ ವಾಪಸ್ ತಗೊಂಡಿದೆ, ಆದ್ರೂ ಅದಾದ್ಮೇಲೂ ಡ್ರೋನ್ ದಾಳಿ ಆಗಿದೆ. ಹೆಂಡ್ತಿ ಮಕ್ಕಳನ್ನ ಈಗ್ಲೇ ಕರ್ಕೊಂಡು ಬರ್ಬೇಡಿ, ಯಾರು ಏನೇ ಹೇಳ್ಲಿ. ಮನೆ ಹುಡುಕೋರು ಓಮ್ಡುರ್ಮಾನ್ ಕಡೆ ನೋಡಿ, ಗುಜರಾತಿಗಳು ತಲೆಮಾರುಗಳಿಂದ ವ್ಯಾಪಾರ ಮಾಡ್ಕೊಂಡಿದ್ದ ಜಾಗ ಅದು.

ಪಾಸ್‌ಪೋರ್ಟಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಅಂತ ಇದ್ರೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದ್ರೆ ಹೊರದೇಶಕ್ಕೆ ಕೆಲಸಕ್ಕೆ ಹೋಗೋಕೆ ನಮ್ ಸರ್ಕಾರದ ಅನುಮತಿ, ಇಲ್ದೆ ಕೆಲಸಕ್ಕೆ ಹೊರಡೋ ಹಾಗಿಲ್ಲ, ವಿಸಿಟ್ ವೀಸಾದಲ್ಲಿ ಕಳಿಸ್ತೀನಿ ಅನ್ನೋ ಏಜೆಂಟ್ ಕೈಗೆ ಒಂದ್ರೂಪಾಯಿನೂ ಕೊಡ್ಬೇಡಿ. ಯೆಲ್ಲೋ ಫೀವರ್ ಇಂಜೆಕ್ಷನ್ ಹೊರಡೋಕೆ ಹತ್ತು ದಿನ ಮುಂಚೆನೇ ಹಾಕಿಸ್ಕೊಳ್ಳಿ, ಆ ಕಾರ್ಡ್ ಇಲ್ದಿದ್ರೆ ವಾಪಸ್ ಬಂದಾಗ ಏರ್‌ಪೋರ್ಟಿಂದ ಸೀದಾ ಕ್ವಾರಂಟೈನ್, ಆರು ದಿನದವರೆಗೂ ಕೂರಿಸ್ಬೋದು. ಎಂಬೆಸಿಲಿ ಹೆಸರು ಬರೆಸೋದು ಮರೀಬೇಡಿ. ನಮ್ ಬ್ಯಾಂಕ್ ಕಾರ್ಡ್ ನಂಬ್ಕೊಂಡು ಬರ್ಬೇಡಿ, ಡಾಲರ್ ತನ್ನಿ.

ಊಟದ ಬಗ್ಗೆ ಅಷ್ಟೊಂದು ತಲೆ ಕೆಡಿಸ್ಕೊಳ್ಳೋದು ಬೇಡ. ಬೇಯಿಸಿದ ಕಾಳನ್ನ ಮಸೆದು ಎಳ್ಳೆಣ್ಣೆ, ಈರುಳ್ಳಿ ಹಾಕಿ ಕೊಡೋ ಫೂಲ್ ಸಸ್ಯಾಹಾರಿಗಳಿಗೂ ಆಗುತ್ತೆ, ಆದ್ರೆ ಒಣ ಬೆಂಡೆಕಾಯಿ ಪುಡಿ ಹಾಕಿರೋ ಮುಲಾಹ್ ನೋಡಿ ನಮ್ ಬೆಂಡೆ ಗೊಜ್ಜು ಅನ್ಕೊಂಡು ಕೈ ಹಾಕ್ಬೇಡಿ, ಸಾಮಾನ್ಯವಾಗಿ ಅದ್ರಲ್ಲಿ ಮಾಂಸ ಇರುತ್ತೆ. ರಸ್ತೆ ಬದಿ ಇದ್ದಿಲ ಒಲೆ ಇಟ್ಕೊಂಡು ಕೂತಿರೋ ಅಮ್ಮಂದಿರ ಹತ್ರ ಟೀ ಕುಡೀರಿ, ಪುಟ್ಟ ಗ್ಲಾಸು, ತಳದಲ್ಲಿ ಸಕ್ಕರೆ ಎದ್ದು ಕಾಣೋ ಅಷ್ಟು ಸುರಿದಿರ್ತಾರೆ, ಶುಗರ್ ಇರೋರು ಮೊದ್ಲೇ ಹೇಳ್ಬಿಡಿ.