ಸುಟ್ಟರೂ ಹೋಗದ ಅಭ್ಯಾಸ: ಹಾಟ್ ಯೋಗದಲ್ಲಿ ತಿದ್ದಿಕೊಳ್ಳುವುದು ಹೇಗೆ?

‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತಾರಲ್ಲ, ಅದು ನಿಜವೋ ಸುಳ್ಳೋ ನೋಡಬೇಕಿದ್ದರೆ ಹಾಟ್ ಯೋಗದ ಕೋಣೆಗೆ ಹೋಗಬೇಕು. 40 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಕೋಣೆ. ಗಾಳಿಯಲ್ಲಿ ಶೇ 40ರಷ್ಟು ತೇವ. ರಾಯಚೂರಿನ ಮೇ ತಿಂಗಳನ್ನು ಒಳಗೆ ತಂದು ಬಾಗಿಲು ಹಾಕಿದ ಹಾಗೆ. ಅಲ್ಲಿ ಒಂದೂವರೆ ಗಂಟೆ ಬೆಂದರೂ ನನ್ನ ಕೆಟ್ಟ ಅಭ್ಯಾಸಗಳಲ್ಲಿ ಒಂದೂ ಸುಟ್ಟುಹೋಗಲಿಲ್ಲ. ಇನ್ನೂ ನಾಲ್ಕು ಸೇರಿಕೊಂಡವು.

ನಾನು ಶುರು ಮಾಡಿದ್ದು ಚಿಕಾಗೊದಲ್ಲಿ, ಹೊರಗೆ ಹಿಮ ಬೀಳುತ್ತಿದ್ದ ದಿನಗಳಲ್ಲಿ. ಚಳಿಗೆ ಬೆದರಿದವರಿಗೆ ಆ ಕೋಣೆಯೇ ಸ್ವರ್ಗ. ಈಗ ಬೆಂಗಳೂರಿನಲ್ಲೂ ಅಂಥ ಕೋಣೆಗಳಿವೆ. ಕಲಬುರಗಿಯವರಿಗೆ ಹೀಟರ್ ಬೇಕಾಗಿಲ್ಲ ಬಿಡಿ.

ಈ ಪದ್ಧತಿಯ ಬೇರು ಕೋಲ್ಕತ್ತದ ಬಿಷ್ಣು ಚರಣ್ ಘೋಷ್ ಅವರ ವ್ಯಾಯಾಮ ಶಾಲೆಯಲ್ಲಿದೆ. ಬಿಕ್ರಂ ಚೌಧರಿ ಅದನ್ನು 1970ರ ದಶಕದಲ್ಲಿ ಅಮೆರಿಕಕ್ಕೆ ಒಯ್ದು, 26 ಆಸನ ಮತ್ತು 2 ಉಸಿರಾಟದ ಅಭ್ಯಾಸಗಳ ಕ್ರಮವನ್ನು ಹೆಸರುವಾಸಿ ಮಾಡಿದರು. ಆ ಕ್ರಮಕ್ಕೆ ಹಕ್ಕುಸ್ವಾಮ್ಯ ಸಿಗದು ಎಂದು 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಅವರ ಮೇಲೆ ಲೈಂಗಿಕ ಕಿರುಕುಳದ ದೂರುಗಳು ಬಂದ ಮೇಲೆ ಎಷ್ಟೋ ಕಡೆ ಅವರ ಹೆಸರು ಬಿಟ್ಟು, ಸುಮ್ನೆ ‘26 ಮತ್ತು 2’ ಅನ್ನುತ್ತಾರೆ.

ನಮಗೆ ಬೇಕಾದ ಸಂಗತಿ ಬೇರೆ. ಈ ಕ್ರಮ ಎಂದೂ ಬದಲಾಗುವುದಿಲ್ಲ. ಹಾಗಾಗಿ ನಿಮ್ಮ ತಪ್ಪು ಕೂಡ ದಿನಾ ಅದೇ ಜಾಗದಲ್ಲಿ ಆಗುತ್ತದೆ. ಅದಕ್ಕೊಂದು ವಿಳಾಸ ಇದೆ.

ಮೊದಲು ಎಣಿಸಿ

ಒಂದು ಇಡೀ ಕ್ಲಾಸು ಏನನ್ನೂ ತಿದ್ದಬೇಡಿ, ಲೆಕ್ಕ ಮಾತ್ರ ಇಡಿ. ಟವೆಲ್‌ಗೆ ಎಷ್ಟು ಸಲ ಕೈ ಹೋಯಿತು? ನೀರಿನ ಬಾಟಲಿಗೆ? ಗಡಿಯಾರ ಎಷ್ಟು ಸಲ ನೋಡಿದಿರಿ? ಪಕ್ಕದವರ ಕಡೆ?

ನನ್ನ ಟವೆಲ್ ಲೆಕ್ಕ 27 ಬಂತು. ಅದಕ್ಕಿಂತ ನಾಚಿಕೆಯಾಗಿದ್ದು ಚಡ್ಡಿಯ ವಿಷಯ. ದಂಡಾಯಮಾನ ಜಾನುಶಿರಾಸನಕ್ಕೆ ಮೊದಲು ಪ್ರತಿದಿನ ಚಡ್ಡಿ ಎಳೆದುಕೊಳ್ಳುತ್ತಿದ್ದೆ. ಅದು ಜಾರಿರಲಿಲ್ಲ. ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮುಂದೆ ಚಾಚುವ ಆ ಆಸನ ಕಂಡರೆ ನನಗೆ ಭಯ. ಎರಡು ಸೆಕೆಂಡ್ ಮುಂದೂಡಲು ಕೈಗೆ ಒಂದು ಕೆಲಸ ಬೇಕಿತ್ತು, ಅಷ್ಟೆ. ನೀವೂ ನೋಡಿ. ಚಡಪಡಿಕೆ ಹೆಚ್ಚಾಗಿ ಬರುವುದು ಆಸನದ ಒಳಗೆ ಅಲ್ಲ, ಎರಡು ಆಸನಗಳ ನಡುವೆ.

ನೀರು, ಊಟ: ಬಾಗಿಲ ಹೊರಗಿನ ತಪ್ಪು

ಸಂಜೆ ಆರಕ್ಕೆ ಕ್ಲಾಸು, ನಾಲ್ಕೂವರೆಗೆ ಮಸಾಲೆ ದೋಸೆ. ಆಮೇಲೆ ಬಿಸಿಯಿಂದ ಹೊಟ್ಟೆ ತೊಳಸಿತು ಅನ್ನುವುದು. ಬಿಸಿಯ ತಪ್ಪಿಲ್ಲ ಇದರಲ್ಲಿ. ಎರಡು ಮೂರು ಗಂಟೆ ಮುಂಚೆ ಗಟ್ಟಿ ಊಟ ನಿಲ್ಲಿಸಿ.

ನೀರನ್ನು ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಾ ಬನ್ನಿ. ದಿನವಿಡೀ ಕಾಫಿಯಲ್ಲೇ ಕಳೆದು, ಕ್ಲಾಸಿನ ಹೊತ್ತಿಗೆ ಒಂದು ಲೀಟರ್ ಗಟಗಟ ಇಳಿಸಿದರೆ ಅದು ಹೊಟ್ಟೆಯಲ್ಲಿ ಕುಲುಕುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರಿ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರಬಹುದು. ಕ್ಲಾಸು ಮುಗಿದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ ನನಗೆ ಒಗ್ಗಿದೆ.

ತೂಕದ ಯಂತ್ರ ಒಂದು ಕಿಲೊ ಕಡಿಮೆ ತೋರಿಸಿದರೆ ಕುಣಿಯಬೇಡಿ. ಅದು ನೀರು. ಮಜ್ಜಿಗೆ ಕುಡಿದರೆ ವಾಪಸ್.

ಉಸಿರು

ಬಾಯಿ ತೆರೆದು ಏದುಸಿರು ಬಿಡುವುದು, ಇಲ್ಲವೇ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುವುದು. ಎರಡೂ ಒಂದೇ ಮಾತು ಹೇಳುತ್ತವೆ: ನೀವು ನಿಮ್ಮ ಶಕ್ತಿ ಮೀರಿ ಹೋಗಿದ್ದೀರಿ. ಮೂಗಿನ ಉಸಿರು ತಪ್ಪಿದ ಕ್ಷಣ ಆಸನದಿಂದ ಅರ್ಧ ಹೊರಗೆ ಬನ್ನಿ. ಉಸಿರು ಮರಳಿತಾ? ಮತ್ತೆ ಒಳಗೆ ಹೋಗಿ. ಮರಳಲಿಲ್ಲವಾ? ಕುಳಿತುಕೊಳ್ಳಿ.

ಮಂಡಿ, ಮತ್ತು ಬಿಸಿಯ ಸಾಲ

ಇಲ್ಲಿ ಸ್ವಲ್ಪ ನಿಧಾನಿಸೋಣ. ಟವೆಲ್ ಎಳೆದಾಡುವುದರಿಂದ ಯಾರ ಕಾಲೂ ನೋಯುವುದಿಲ್ಲ. ಮಂಡಿಯ ತಪ್ಪು ಹಾಗಲ್ಲ.

ಈ ಕ್ರಮದಲ್ಲಿ ಪದೇ ಪದೇ ಕೇಳುವ ಸೂಚನೆ ‘ಮಂಡಿ ಲಾಕ್ ಮಾಡಿ’. ಕೇಳಿದವರು ಏನು ಮಾಡುತ್ತಾರೆ? ಮಂಡಿಯನ್ನು ಹಿಂದಕ್ಕೆ ದಬ್ಬುತ್ತಾರೆ. ಕಾಲು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ, ಭಾರವೆಲ್ಲ ಹಿಮ್ಮಡಿಗೆ ಮತ್ತು ಕೀಲಿಗೆ ಬೀಳುತ್ತದೆ. ಅಲ್ಲಿ ಬೇಕಾಗಿರುವುದು ತೊಡೆಯ ಕೆಲಸ. ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿ ಮಂಡಿಚಿಪ್ಪನ್ನು ಮೇಲಕ್ಕೆ ಎಳೆದುಕೊಳ್ಳಬೇಕು.

ಇದನ್ನು ಮನೆಯಲ್ಲೇ ಕಲಿಯಿರಿ, ಬಿಸಿಯಿಲ್ಲದ ಹೊತ್ತಿನಲ್ಲಿ. ನಿಲುವುಗನ್ನಡಿಗೆ ಪಕ್ಕ ಮಾಡಿ ನಿಲ್ಲಿ. ಸೊಂಟ, ಮಂಡಿ, ಹರಡು ಒಂದೇ ಗೆರೆಯಲ್ಲಿ ಇವೆಯಾ? ಮಂಡಿ ಆ ಗೆರೆಯ ಹಿಂದೆ ಹೋಗಿದ್ದರೆ ಒಂದು ಕೂದಲೆಳೆಯಷ್ಟು ಸಡಿಲಿಸಿ. ಈಗ ತೊಡೆ ಬಿಗಿ ಮಾಡಿ. ಪಾದದ ಮುಂಭಾಗಕ್ಕೂ ಭಾರ ಬರಲಿ. ತೊಡೆ ಬೆರಳಿಗೆ ಕಲ್ಲಿನಂತೆ ಗಟ್ಟಿ ಸಿಗಬೇಕು. ಮೆತ್ತಗಿದ್ದರೆ ನೀವು ಕೀಲಿಗೆ ಜೋತುಬಿದ್ದಿದ್ದೀರಿ ಅಂತಲೇ ಅರ್ಥ.

ದಂಡಾಯಮಾನ ಜಾನುಶಿರಾಸನಕ್ಕೆ ನಾಲ್ಕು ಮೆಟ್ಟಿಲು. ಒಂಟಿ ಕಾಲಲ್ಲಿ ನಿಂತು ಇನ್ನೊಂದು ಪಾದ ಹಿಡಿಯುವುದು, ಆ ಕಾಲನ್ನು ನೇರ ಚಾಚುವುದು, ಮೊಣಕೈ ಮಡಿಸುವುದು, ಕೊನೆಗೆ ಹಣೆಯನ್ನು ಮಂಡಿಗೆ ಮುಟ್ಟಿಸುವುದು. ನಿಂತ ಕಾಲು ಅಲುಗದೆ ಇರುವ ತನಕ ಎರಡನೆಯದಕ್ಕೆ ಹೋಗಬೇಡಿ. ನಾನು ಆರು ತಿಂಗಳು ಮೊದಲ ಮೆಟ್ಟಿಲಲ್ಲೇ ಇದ್ದೆ. ಕನ್ನಡಿಯಲ್ಲಿ ಎಲ್ಲರ ಹಣೆ ಮಂಡಿಗೆ ತಾಗುತ್ತಿದ್ದರೆ ನನ್ನದು ಮಾತ್ರ ಬೀದಿ ದೀಪದ ಕಂಬದ ಹಾಗೆ.

ಪ್ರತಿ ಆಸನವನ್ನು ಎರಡು ಸಲ ಮಾಡಿಸುತ್ತಾರೆ. ಅದನ್ನು ಬಳಸಿಕೊಳ್ಳಿ. ಮೊದಲ ಸಲ ಹುಷಾರಾಗಿ ಅರ್ಧಕ್ಕೆ ನಿಂತು ಎಲ್ಲಿ ತಪ್ಪುತ್ತಿದೆ ನೋಡಿ. ಎರಡನೇ ಸಲ ಅದೊಂದನ್ನೇ ತಿದ್ದಿ.

ಬಿಸಿಯಲ್ಲಿ ಮೈ ಸಡಿಲವಾಗುತ್ತದೆ, ನೋವು ತಡವಾಗಿ ಗೊತ್ತಾಗುತ್ತದೆ. ಮನೆಯಲ್ಲಿ ಕಾಲ್ಬೆರಳು ಮುಟ್ಟಲಾಗದವರು ಅಲ್ಲಿ ಅಂಗೈ ನೆಲಕ್ಕೆ ಊರುತ್ತಾರೆ. ಆ ಹೆಚ್ಚಿನ ಮೂರು ಅಂಗುಲ ನಿಮ್ಮದಲ್ಲ, ಕೋಣೆಯದು. ಸಾಲ ಅದು. ಮರುದಿನ ಬೆಳಿಗ್ಗೆ ತೊಡೆಯ ಹಿಂಭಾಗ ಬಡ್ಡಿ ಕೇಳುತ್ತದೆ. ಮನೆಯಲ್ಲಿ ತಣ್ಣಗಿರುವಾಗ ಎಷ್ಟು ಬಗ್ಗುತ್ತೀರೋ ಅದಕ್ಕಿಂತ ಚೂರೇ ಚೂರು ಮುಂದೆ ಹೋಗಿ ನಿಲ್ಲಿ.

ಟವೆಲ್ ದೂರ ಇಡಿ

ಬೆವರು ಆರುವಾಗ ಮೈಯ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಒರೆಸಿದರೆ ದೇಹ ಮತ್ತೆ ಬೆವರಬೇಕು. ಮೈಸೂರಿನ ಅಷ್ಟಾಂಗ ಯೋಗದ ಶಾಲೆಗಳಲ್ಲಿ ಕೋಣೆ ಕಾಯುವುದು ಅಭ್ಯಾಸಿಗಳ ಮೈಬಿಸಿಯಿಂದಲೇ. ಅಲ್ಲೂ ಬೆವರು ಒರೆಸುವುದನ್ನು ಹಳಬರು ಮೆಚ್ಚುವುದಿಲ್ಲ. ಪ್ರಾಣಾಯಾಮದ ಶ್ರಮದಿಂದ ಬಂದ ಬೆವರನ್ನು ಮೈಗೇ ತಿಕ್ಕಿಕೊಳ್ಳಿ ಎಂದು ಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯಲ್ಲೂ ಇದೆ.

ಕಣ್ಣಿಗೆ ಇಳಿದರೆ ಮಾತ್ರ ಒರೆಸಿಕೊಳ್ಳಿ. ಚಿಕ್ಕ ಟವೆಲನ್ನು ಮ್ಯಾಟಿನ ಹಿಂತುದಿಗೆ ಇಡಿ, ಬಗ್ಗಿ ತಿರುಗಿ ಎತ್ತುವ ಹಾಗಿರಲಿ. ಆ ಸೋಮಾರಿತನವೇ ನಿಮ್ಮನ್ನು ಕಾಯುತ್ತದೆ. ಕೂದಲು ಮೊದಲೇ ಗಟ್ಟಿಯಾಗಿ ಕಟ್ಟಿಕೊಳ್ಳಿ. ಎಳೆದುಕೊಳ್ಳಬೇಕಾದ ಬಟ್ಟೆ ಬೇಡ. ಆಸನ ಮುಗಿದ ಕೂಡಲೇ ಎರಡೂ ಕೈ ತೊಡೆಯ ಪಕ್ಕ ಬರಲಿ, ಕನ್ನಡಿಯಲ್ಲಿ ನಿಮ್ಮ ಕಣ್ಣನ್ನೇ ನೋಡುತ್ತಾ ಒಂದು ಉಸಿರು. ‘ಟವೆಲ್ ಮುಟ್ಟಬಾರದು’ ಅಂದುಕೊಂಡರೆ ಕೈ ಅಲ್ಲಿಗೇ ಹೋಗುತ್ತದೆ. ಕೈಗೆ ಬೇರೆ ಜಾಗ ತೋರಿಸಿದರೆ ಅಲ್ಲಿ ನಿಲ್ಲುತ್ತದೆ.

ನೀರಿಗೆ ಇಷ್ಟು ಕಟ್ಟುನಿಟ್ಟು ಬೇಡ. ಹೆಚ್ಚಿನ ಕಡೆ ಗರುಡಾಸನ ಆದ ಮೇಲೆ ಕುಡಿಯಲು ಬಿಡುವು ಕೊಡುತ್ತಾರೆ. ನಡುವೆ ಬಾಯಾರಿದರೆ ಒಂದು ಗುಟುಕು ಕುಡಿಯಿರಿ. ಬಾಯಾರಿಕೆಯನ್ನು ತಡೆಯುವುದು ಸಾಧನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎದ್ದು ಓಡಬೇಡಿ

ತಲೆ ಸುತ್ತಿದರೆ ಬಾಗಿಲ ಕಡೆ ಓಡುವುದು ಎಲ್ಲರಿಗೂ ಬರುವ ಆಸೆ. ಆದರೆ ಆಗ ಚರ್ಮದ ರಕ್ತನಾಳಗಳು ಬಿಸಿಗೆ ಹಿಗ್ಗಿರುತ್ತವೆ. ತಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರಬಹುದು. ಮೊದಲು ಮ್ಯಾಟ್ ಮೇಲೆ ಕುಳಿತುಕೊಳ್ಳಿ ಅಥವಾ ಮಲಗಿ. ಸುಧಾರಿಸಿದ ಮೇಲೆ ನಿಧಾನವಾಗಿ ಹೊರಗೆ ಹೋಗಿ. ಮಂಡಿಯೂರಿ ಹಿಂದಕ್ಕೆ ಬಾಗುವ ಉಷ್ಟ್ರಾಸನದಿಂದ ಹೊರಬರುವಾಗಲೂ ಇದೇ ನಿಧಾನ ಬೇಕು.

ಮೈ ನಡುಗಿದರೆ, ವಾಂತಿಯಾದರೆ, ಮಾತು ತೊದಲಿದರೆ, ಏನೂ ತೋಚದಂತಾದರೆ ಮಾತ್ರ ಕಾಯಬೇಡಿ. ಟೀಚರನ್ನು ಕರೆಯಿರಿ, ಅವರ ಕೈ ಹಿಡಿದು ತಂಪಿನ ಜಾಗಕ್ಕೆ ಹೋಗಿ, ವೈದ್ಯರಿಗೆ ತೋರಿಸಿ. ಗರ್ಭಿಣಿಯರಿಗೆ ಈ ಬಿಸಿ ಬೇಡ. ಹೃದಯದ ತೊಂದರೆ ಇರುವವರು, ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಈ ಕೋಣೆಗೆ ಕಾಲಿಡಬಾರದು.

ತಿಂಗಳಿಗೆ ಒಂದೇ

ಎಲ್ಲವನ್ನೂ ಸೋಮವಾರದಿಂದ ತಿದ್ದುತ್ತೇನೆ ಅಂದರೆ ಗುರುವಾರಕ್ಕೆ ಕ್ಲಾಸೇ ಬಿಡುತ್ತೀರಿ. ಮಂಡಿಯಿಂದ ಶುರು ಮಾಡಿ, ಪೆಟ್ಟಾಗುವುದು ಅಲ್ಲೇ ಅಲ್ವಾ? ಆಮೇಲೆ ಉಸಿರು. ಟವೆಲ್, ಗಡಿಯಾರ ಕೊನೆಗೆ. ಟೀಚರ್‌ಗೆ ಮೊದಲೇ ಹೇಳಿಡಿ: ‘ಈ ತಿಂಗಳು ನನ್ನ ಮಂಡಿ ನೋಡ್ತಾ ಇರಿ ಮೇಡಂ’ ಅಂತ. ಕನ್ನಡಿಗೆ ಕಾಣದ್ದು ಅವರಿಗೆ ಕಾಣುತ್ತದೆ. ತಿಂಗಳ ಕೊನೆಗೆ ಮತ್ತೊಂದು ಕ್ಲಾಸು ಎಣಿಸಿ.

ನಾನು ಹೋದ ವಾರ ಎಣಿಸಿದೆ. ಟವೆಲ್ ನಾಲ್ಕು ಸಲ, ಗಡಿಯಾರ ಒಂದು ಸಲ. ಚಡ್ಡಿ ಎಳೆದುಕೊಂಡಿದ್ದೂ ಒಂದೇ ಸಲ, ಅದೇ ಹಳೆಯ ವಿಳಾಸದಲ್ಲಿ.