ಕಲಬುರಗಿಯಿಂದ ಲಂಡನ್ನಿಗೆ: ವಿಮಾನದ ದೂರ ಮತ್ತು ವೇಳೆಯನ್ನು ಲೆಕ್ಕ ಹಾಕುವ ಬಗೆ

ಮಗನನ್ನು ಓದಲು ಲಂಡನ್ನಿಗೆ ಕಳುಹಿಸುತ್ತಿದ್ದ ನಮ್ಮ ನೆರೆಮನೆಯ ಕಾಕಾ ಟಿಕೆಟಿನ ಮೇಲೆ ಬೆರಳಿಟ್ಟು, "ಮುಂಜಾನೆ ಏಳಕ್ಕ ಹೊಂಟು ಮಧ್ಯಾಹ್ನ ಹನ್ನೆರಡಕ್ಕ ಇಳೀತಾನ, ಬರೇ ಐದು ತಾಸು, ಇಲ್ಲಿಂದ ಹೈದ್ರಾಬಾದಿಗೂ ಅಷ್ಟೇ ಹಿಡಿತದಲ್ಲ" ಎಂದಿದ್ದರು. ಈ ತಪ್ಪು ಲೆಕ್ಕ ಬಹಳ ಮನೆಗಳಲ್ಲಿ ನಡೆಯುತ್ತದೆ.

ಮೊದಲು ದೂರವನ್ನು ಅಳೆಯಬೇಕು. ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಡಬಾರದು, ಏಕೆಂದರೆ ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಹರಡಿದಾಗ ಉತ್ತರದ ಪ್ರದೇಶಗಳು ಹಿಗ್ಗಿಬಿಡುತ್ತವೆ. ಶಾಲೆಯ ಗ್ಲೋಬನ್ನು ತೆಗೆದುಕೊಂಡು, ನಾವು ವಿಮಾನ ಹತ್ತುವ ಹೈದರಾಬಾದಿನಿಂದ ಲಂಡನ್ನಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದರೆ, ಅದು ತಾನಾಗಿಯೇ ಅತಿ ಹತ್ತಿರದ ದಾರಿಯಲ್ಲಿ ಕೂರುತ್ತದೆ. ಗ್ಲೋಬಿನ ವ್ಯಾಸ 30 ಸೆಂಟಿಮೀಟರ್ ಆಗಿದ್ದರೆ ದಾರದ ಒಂದು ಸೆಂಟಿಮೀಟರ್ ಸುಮಾರು 425 ಕಿಲೋಮೀಟರಿಗೆ ಸಮ. ದಾರ 18 ಸೆಂಟಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು ಬರುತ್ತದೆ, ಅಂದರೆ ಹತ್ತಿರಹತ್ತಿರ 7,750 ಕಿಲೋಮೀಟರ್. ದುಬೈ ಮೂಲಕ ಹೋದರೆ ಎರಡು ದಾರಗಳ ಉದ್ದ ಸೇರಿ ಸುಮಾರು 8,050 ಆಗುತ್ತದೆ. ದೂರ ಹೆಚ್ಚೇನೂ ಬೆಳೆಯುವುದಿಲ್ಲ, ಬೆಳೆಯುವುದು ಅಲ್ಲಿ ಕಾಯುವ ವೇಳೆ.

ದೊಡ್ಡ ವಿಮಾನಗಳು ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹಾರುತ್ತವೆಯಾದ್ದರಿಂದ ಭಾಗಿಸಿದಾಗ ಎಂಟೂವರೆ ಗಂಟೆ ಸಿಗುತ್ತದೆ. ಅದಕ್ಕೆ ಏರುವ ಮತ್ತು ಇಳಿಯುವ ಹೊತ್ತೆಂದು ಅರ್ಧ ಗಂಟೆ ಸೇರಿಸಬೇಕು. ವಿಮಾನಗಳು ನಿರ್ಬಂಧಿತ ವಾಯುಪ್ರದೇಶದೊಳಗೆ ಹೋಗದೆ ಸುತ್ತುಹಾಕಿ ಹೋಗಬೇಕಾಗಬಹುದು; ಮೇಲಾಗಿ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಹೋಗುವಾಗ ಎದುರಾಗುತ್ತದೆ. ಹೀಗಾಗಿ ಹತ್ತರಿಂದ ಹತ್ತೂವರೆ ಗಂಟೆ ಹಿಡಿಯುವುದು ಕ್ಷೇಮ. ಅದೇ ಗಾಳಿ ಬರುವಾಗ ಬೆನ್ನಿಗಿರುವುದರಿಂದ ಹೆಚ್ಚುಕಡಿಮೆ ಒಂದು ಗಂಟೆ ಉಳಿಯುತ್ತದೆ.

ಇನ್ನು ಕಾಕಾ ಅವರ ಐದು ತಾಸಿನ ಮಾತು. ಟಿಕೆಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ಇಳಿಯುವ ವೇಳೆ ಇಳಿಯುವ ಊರಿನದು. ಲಂಡನ್ನಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಅಂತರ ನಾಲ್ಕೂವರೆ ಗಂಟೆ ಮಾತ್ರ. ಕಾಕಾ ತೋರಿಸಿದ್ದು ಜನವರಿಯ ಟಿಕೆಟ್ ಆದ್ದರಿಂದ ಐದಕ್ಕೆ ಐದೂವರೆ ಕೂಡಿಸಿದರೆ ಹತ್ತೂವರೆ ಗಂಟೆ. ಮರಳುವ ಪಯಣಕ್ಕೆ ಇದೇ ಅಂತರವನ್ನು ಕಳೆಯಬೇಕು.

ಇಷ್ಟೂ ಆಕಾಶದ ಲೆಕ್ಕವಾಯಿತು. ನಮ್ಮ ಪಾಲಿಗೆ ಪಯಣ ಮನೆಯ ಹೊಸ್ತಿಲಿನಿಂದ ಶುರುವಾಗುತ್ತದೆ. ಕಲಬುರಗಿಯಿಂದ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 170 ಕಿಲೋಮೀಟರ್ ಇದ್ದರೂ ರಸ್ತೆಯಲ್ಲಿ ಇನ್ನೂರು ದಾಟುತ್ತದೆ, ಐದು ತಾಸು ಬೇಕು. ಅಲ್ಲಿ ಮೂರು ತಾಸು ಮೊದಲೇ ಇರಬೇಕು. ಲಂಡನ್ನಿನಲ್ಲಿ ಪಾಸ್‌ಪೋರ್ಟ್ ಸಾಲಿಗೂ ಪೆಟ್ಟಿಗೆಗೂ ಎರಡು ತಾಸು ಹಿಡಿಯಿರಿ. ಒಟ್ಟು ಇಪ್ಪತ್ತೂವರೆ. ಮುಂಜಾನೆ ಏಳರ ವಿಮಾನಕ್ಕೆ ಹಿಂದಿನ ರಾತ್ರಿ ಹನ್ನೊಂದಕ್ಕೇ ಮನೆ ಬಿಡಬೇಕಾಗುತ್ತದೆಯಾದ್ದರಿಂದ, ಕಟಕ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಸಂಜೆಯೊಳಗೆ ಕಟ್ಟಿಟ್ಟಿರಬೇಕು.