ಹಳೆಯ ಕಾರು ದಾನ ಕೊಡ್ತೀರಾ? ಕಾಗದ ಮೊದಲು, ಕೀಲಿ ಕೊನೆಗೆ

ಮನೆಗೆ ಹೊಸ ಗಾಡಿ ಬಂದ ಮೇಲೆ ಹಳೆಯದು ಅಂಗಳದಲ್ಲಿ ಧೂಳು ಹಿಡಿದು ನಿಲ್ಲುತ್ತದೆ. ಮಾರಿದರೆ ಬರುವುದು ಕಡಿಮೆ, ಮನಸ್ಸೂ ಒಪ್ಪುವುದಿಲ್ಲ. ‘ಯಾವುದಾದರೂ ಆಶ್ರಮಕ್ಕೆ ಕೊಟ್ಟುಬಿಡೋಣ’ ಎಂಬ ಮಾತು ಬರುತ್ತದೆ. ಒಳ್ಳೆಯ ಮಾತೇ. ಕಲಬುರಗಿ ಶರಣಬಸವೇಶ್ವರರ ದಾಸೋಹದ ಊರು. ಇಲ್ಲಿ ಕೊಡುವುದನ್ನು ಯಾರಿಗೂ ಕಲಿಸಬೇಕಿಲ್ಲ. ಆದರೆ ಕಾರು ಜೋಳದ ಚೀಲದ ಹಾಗಲ್ಲ. ಒಪ್ಪಿಸಿ ಕೈಮುಗಿದು ಬಂದರೆ ಕೊಟ್ಟ ಹಾಗೆ ಆಗುವುದಿಲ್ಲ.

ನನ್ನ ಸೋದರಮಾವ ಹಾಗೇ ಮಾಡಿದರು. ಒಂದು ಸಂಸ್ಥೆಗೆ ಕಾರು ಕೊಟ್ಟರು. ಬಾಂಡ್ ಪೇಪರ್ ಮೇಲೆ ಬರೆಸಿದರು, ಖಾಲಿ ಫಾರ್ಮುಗಳಿಗೆ ಸಹಿ ಹಾಕಿದರು, ಬಾನೆಟ್ ಮೇಲೆ ಹಾರ ಇಟ್ಟು ಫೋಟೊ ತೆಗೆಸಿದರು. ಹನ್ನೊಂದು ತಿಂಗಳಾದ ಮೇಲೆ ಜೇವರ್ಗಿ ರಸ್ತೆಯ ಅವರ ಮನೆಗೆ ಕೋರ್ಟ್ ನೋಟಿಸ್ ಬಂತು. ಆ ಗಾಡಿ ಒಬ್ಬ ಬೈಕ್ ಸವಾರನಿಗೆ ಗುದ್ದಿತ್ತು. ಇನ್ಶೂರೆನ್ಸ್ ಯಾವಾಗಲೋ ಮುಗಿದಿತ್ತು. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಮಾತ್ರ ಮಾವನ ಹೆಸರೇ ಇತ್ತು. ಎಪ್ಪತ್ತು ದಾಟಿದ ಮನುಷ್ಯ ಆ ಕಾಗದ ಹಿಡಿದು ಕೂತಿದ್ದರು, ಕೈ ನಡುಗುತ್ತಿತ್ತು. ಒಳ್ಳೆಯದು ಮಾಡಲು ಹೋದವರಿಗೆ ಹೀಗಾಗಬಾರದು. ಆಮೇಲೆ ನಾಲ್ಕೈದು ಮನೆಯವರ ಜೊತೆ ನಾನೇ ಆರ್‌ಟಿಒ ಕಚೇರಿಗೆ ಓಡಾಡಿದ್ದೇನೆ. ಅಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಅವರಿಗೆ ಕಾರು ಬೇಕಾ, ಕೇಳಿ

ಕಾರಿಗೆ ಡ್ರೈವರ್ ಬೇಕು, ಪೆಟ್ರೋಲ್ ಬೇಕು, ವರ್ಷ ವರ್ಷ ಇನ್ಶೂರೆನ್ಸ್ ಕಟ್ಟಬೇಕು. ಅನಾಥಾಶ್ರಮವೋ ವೃದ್ಧಾಶ್ರಮವೋ, ಒಮ್ಮೆ ಹೋಗಿ ಕೂತು ಮಾತಾಡಿ. ‘ಗಾಡಿ ಯಾರು ಓಡಿಸ್ತಾರೆ? ಯಾವ ಕೆಲಸಕ್ಕೆ?’ ಎಂದು ನೇರವಾಗಿ ಕೇಳಿ. ‘ವಾರಕ್ಕೆರಡು ಸಲ ಅಜ್ಜ ಅಜ್ಜಿಯರನ್ನು ಜಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಆಟೊಗೆ ಜಾಸ್ತಿ ಆಗ್ತಿದೆ’ ಎಂದರೆ ಕಣ್ಣು ಮುಚ್ಚಿ ಕೊಡಬಹುದು. ‘ಇರಲಿ, ಬಿಟ್ಟು ಹೋಗಿ, ನೋಡೋಣ’ ಎಂದರೆ ಕೊಡಬೇಡಿ. ಅಂಥ ಕಡೆ ಗಾಡಿ ಎರಡು ಬೇಸಿಗೆಯಲ್ಲಿ ಟೈರ್ ಬಿರಿದು ಕೆಡುತ್ತದೆ.

ತೆರಿಗೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರು ಕೊಟ್ಟರೆ ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ ಎಂದೇ ಹೆಸರಾದದ್ದು) ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಿಗುವುದಿಲ್ಲ. ಆ ರಿಯಾಯಿತಿ ಹಣಕ್ಕೆ ಮಾತ್ರ, ವಸ್ತುವಿಗಿಲ್ಲ. ನಗದಾದರೆ 2,000 ರೂಪಾಯಿವರೆಗೆ ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಚೆಕ್ ಅಥವಾ ಆನ್‌ಲೈನ್ ಮೂಲಕವೇ ಕೊಡಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಅದೂ ಇಲ್ಲ. ರಿಯಾಯಿತಿಯೇ ಮುಖ್ಯ ಎನ್ನುವವರು ಗಾಡಿ ಮಾರಿ, 80ಜಿ ಇರುವ ಸಂಸ್ಥೆಗೆ ಚೆಕ್ ಕೊಡಲಿ. ಡ್ರೈವರ್ ಇಲ್ಲದ ಆಶ್ರಮಕ್ಕೂ ಅದೇ ಒಳ್ಳೆಯದು.

ಹೆಜ್ಜೆ 2: ಆರ್‌ಸಿ ಓದಿ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಮುಗಿದಿದ್ದರೆ ಮೊದಲು ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ ಐದು ವರ್ಷಕ್ಕೆ ನವೀಕರಿಸಿ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲೇ 600 ರೂಪಾಯಿಯಿಂದ 5,000ಕ್ಕೆ ಏರಿತು. ಆ ಖರ್ಚನ್ನು ಆಶ್ರಮದ ತಲೆಗೆ ಕಟ್ಟಬೇಡಿ. ಎಂಜಿನ್ ಹೊಗೆ ಉಗುಳುತ್ತಿದ್ದರೆ ದಾನದ ಮಾತೇ ಬೇಡ, ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕಳಿಸಿ.

ಸಾಲ ತೀರಿ ಎಷ್ಟೋ ವರ್ಷ ಆಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ. ಬ್ಯಾಂಕಿನಿಂದ ಹೊಸದಾಗಿ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಪಡೆದು, ಫಾರ್ಮ್ 35 ಕೊಟ್ಟು ತೆಗೆಸಿ. ಊರಿನ ಹೆಸರು ‘ಗುಲಬರ್ಗಾ’ ಎಂದಿದ್ದರೆ ಗಾಬರಿ ಬೇಡ. 2014ರ ನವೆಂಬರ್ 1ಕ್ಕೆ ಮೊದಲಿನ ಆರ್‌ಸಿಗಳಲ್ಲಿ ಹಾಗೇ ಇರುತ್ತದೆ. ಗಾಡಿ ನಂಬರಿನ ಕೆಎ-32 ಅಂತೂ ಬದಲಾಗಿಲ್ಲ.

ಗಾಡಿ ತೀರಿಹೋದ ಅಪ್ಪನ ಹೆಸರಿನಲ್ಲಿದೆಯಾ? ನಮ್ಮ ಮನೆಯದೂ ಹಾಗೇ ಇತ್ತು. ಮಕ್ಕಳೆಲ್ಲ ಒಪ್ಪಿದರೂ ನೇರವಾಗಿ ಟ್ರಸ್ಟಿಗೆ ಕೊಡಲು ಹೋಗಬೇಡಿ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ ಮತ್ತು ಫಾರ್ಮ್ 31 ಕೊಟ್ಟು ಮೊದಲು ಮನೆಯ ಒಬ್ಬರ ಹೆಸರಿಗೆ ಮಾಡಿಸಿ. ನಾವು ಅಮ್ಮನ ಹೆಸರಿಗೆ ಮಾಡಿಸಿದೆವು. ಮುಂದಿನ ಸಹಿಗಳೆಲ್ಲ ಅವರವೇ.

ಹೆಜ್ಜೆ 3: ಹೆಸರು ಬದಲಾವಣೆ

ಎಲ್ಲರೂ ಎಡವುವುದು ಇಲ್ಲೇ.

ಬಾಂಡ್ ಪೇಪರ್‌ನಿಂದ ಮಾಲೀಕತ್ವ ಬದಲಾಗುವುದಿಲ್ಲ. ನೋಟರಿ ಸೀಲ್ ಇದ್ದರೂ ಇಲ್ಲ. ಒಂದು ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತ ಹೋಗಿ ಅಪಘಾತ ಮಾಡಿದ ಪ್ರಕರಣದಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಡುವವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಪಡೆಯುವವರು 30 ದಿನದೊಳಗೆ ಅರ್ಜಿ ಹಾಕಬೇಕು. ಸೋಲಾಪುರ, ಹೈದರಾಬಾದ್ ಹೀಗೆ ಬೇರೆ ರಾಜ್ಯದ ಕಡೆಯ ಸಂಸ್ಥೆಯಾದರೆ ಫಾರ್ಮ್ 28ರ ಎನ್‌ಒಸಿಯೂ ಬೇಕು. ನನ್ನ ಮಾತು ಕೇಳಿದರೆ ನಮ್ಮ ಜಿಲ್ಲೆಯಲ್ಲೇ ಕೊಡಿ.

ಕೊಡುವವರ ಕಡೆಯ ಸೂಚನೆ ಫಾರ್ಮ್ 29, ಎರಡು ಪ್ರತಿ ಬೇಕು. ಫಾರ್ಮ್ 30ರಲ್ಲಿ ಎರಡು ಭಾಗ: ಮೊದಲನೆಯದು ಕೊಡುವವರದು, ಎರಡನೆಯದು ಪಡೆಯುವವರದು. ಎರಡನ್ನೂ ಪೂರ್ತಿ ತುಂಬಿದ ಮೇಲೆ ಮಾತ್ರ ಸಹಿ ಹಾಕಿ. ‘ನೀವು ಸುಮ್ನೆ ಸೈನ್ ಹಾಕಿ ಕೊಡಿ ಸಾರ್, ನಾವು ತುಂಬಿಕೊಳ್ತೀವಿ’ ಎನ್ನುತ್ತಾರೆ. ಮಾವನ ಫಾರ್ಮುಗಳು ಹಾಗೇ ಖಾಲಿ ಉಳಿದು, ಗಾಡಿ ಬೇರೆಯವರ ಕೈ ಸೇರಿತ್ತು.

ಪಡೆಯುವವರ ಜಾಗದಲ್ಲಿ ಟ್ರಸ್ಟಿನ ನೋಂದಾಯಿತ ಹೆಸರೇ ಇರಲಿ. ಅಧ್ಯಕ್ಷರದ್ದೂ ಬೇಡ, ಕಾರ್ಯದರ್ಶಿಯದ್ದೂ ಬೇಡ, ಅವರು ಎಷ್ಟೇ ಸಜ್ಜನರಾಗಿರಲಿ. ನಾಳೆ ಅವರು ಸಂಸ್ಥೆ ಬಿಟ್ಟರೆ ಕಾರು ಅವರ ಜೊತೆಗೇ ಹೋಗುತ್ತದೆ, ಅಲ್ವಾ? ಟ್ರಸ್ಟ್ ಡೀಡಿನ ಪ್ರತಿ, ಟ್ರಸ್ಟಿನ ಪ್ಯಾನ್, ವಿಳಾಸದ ದಾಖಲೆ, ‘ಈ ನಂಬರಿನ ಕಾರನ್ನು ದಾನವಾಗಿ ಪಡೆಯಲು ಇಂಥವರು ಸಹಿ ಮಾಡಬಹುದು’ ಎಂಬ ಠರಾವು, ಸೀಲು, ಇಷ್ಟನ್ನು ಅವರಿಂದ ಕೇಳಿ. ಠರಾವು ಕೊಡಲು ಹಿಂದೇಟು ಹಾಕುವ ಸಂಸ್ಥೆಗೆ ಗಾಡಿ ಕೊಡಬೇಡಿ.

ಅರ್ಜಿ ಶುರುವಾಗುವುದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ. ಒಟಿಪಿ ಹೋಗುವುದು ಆರ್‌ಸಿಗೆ ಜೋಡಿಸಿದ ಮೊಬೈಲಿಗೆ. ಹಳೆಯ ಗಾಡಿಗಳಲ್ಲಿ ಆ ನಂಬರ್ ಶೋರೂಮಿನವರದ್ದೋ, ಎಂದೋ ಬಂದ್ ಆದ ಸಿಮ್ಮಿನದ್ದೋ ಆಗಿರುತ್ತದೆ. ಅದನ್ನು ಮೊದಲು ಬದಲಾಯಿಸಿಕೊಳ್ಳಿ. ಬಾಕಿ ಇ-ಚಲನ್ ಇದ್ದರೆ ಕಟ್ಟಿ, ಹೊಗೆ ತಪಾಸಣೆ ಮಾಡಿಸಿ.

ಇನ್ನು ಅರ್ಜಿಯ ಜೊತೆ ಕೊಡುವ ಚಾಸಿ ನಂಬರಿನ (ಗಾಡಿಯ ಮೈಮೇಲೆ ಕೊರೆದ ಗುರುತಿನ ನಂಬರು) ಪೆನ್ಸಿಲ್ ಅಚ್ಚು. ಇದೊಂದರಿಂದಲೇ ಅರ್ಜಿ ವಾಪಸ್ ಬಂದದ್ದನ್ನು ಎರಡು ಸಲ ನೋಡಿದ್ದೇನೆ. ಕೆಲವು ಗಾಡಿಗಳಲ್ಲಿ ನಂಬರ್ ಬಾನೆಟ್ ಒಳಗೆ ಕಾಣುತ್ತದೆ, ಕೆಲವದರಲ್ಲಿ ಮುಂದಿನ ಸೀಟು ಸರಿಸಿ ಮ್ಯಾಟ್ ಎತ್ತಬೇಕು. ನಮ್ಮ ಕಡೆಯ ಕರಿಮಣ್ಣಿನ ಧೂಳು ಎಣ್ಣೆ ಜಿಡ್ಡಿಗೆ ಸೇರಿ ಅಲ್ಲಿ ಹೆಪ್ಪುಗಟ್ಟಿರುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ತೆಳು ಕಾಗದ ಇಟ್ಟು ಎರಡೂ ತುದಿಗೆ ಟೇಪ್ ಹಚ್ಚಿ. ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಹಿಡಿದು, ಒಂದೇ ದಿಕ್ಕಿಗೆ ಉಜ್ಜಿ. ಹದಿನೇಳೂ ಅಕ್ಷರ ಬೆಳ್ಳಗೆ ಎದ್ದು ಕಾಣಬೇಕು. 8 ಮತ್ತು ಬಿ ಗೊಂದಲವಾದರೆ ಇನ್ನೊಂದು ತೆಗೆಯಿರಿ. ನಾಲ್ಕು ಪ್ರತಿ ತೆಗೆದಿಟ್ಟುಕೊಂಡರೆ ನಿಶ್ಚಿಂತೆ. ಉಪ್ಪುಕಾಗದದಿಂದ ಮಾತ್ರ ತಿಕ್ಕಬೇಡಿ, ನಂಬರೇ ಸವೆದರೆ ದೊಡ್ಡ ತಾಪತ್ರಯ.

ಏಜೆಂಟ್ ಹಿಡಿಯಬೇಕಾ? ಸಮಯವಿಲ್ಲದಿದ್ದರೆ ಹಿಡಿಯಿರಿ, ಆದರೆ ಸಲ್ಲಿಸಿದ ಅರ್ಜಿಯ ನಂಬರ್ ನಿಮ್ಮ ಮೊಬೈಲಿನಲ್ಲಿರಲಿ.

ಹೆಜ್ಜೆ 4: ಇನ್ಶೂರೆನ್ಸ್, ಫಾಸ್ಟ್‌ಟ್ಯಾಗ್

ಪಾಲಿಸಿಯನ್ನೂ 14 ದಿನದೊಳಗೆ ಟ್ರಸ್ಟಿನ ಹೆಸರಿಗೆ ಮಾಡಿಸಬೇಕು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಕಡಿತ) ಗಾಡಿಯದ್ದಲ್ಲ, ನಿಮ್ಮದು. ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಆ ಕಡಿತ ಹೋಗಿ ಟ್ರಸ್ಟಿಗೆ ಬೀಳುವ ವ್ಯತ್ಯಾಸದ ಹಣ ನೀವೇ ಕಟ್ಟಿಬಿಡಿ, ಅದೂ ದಾನದ ಭಾಗವೇ. ಫಾಸ್ಟ್‌ಟ್ಯಾಗ್ ಮುಚ್ಚಿಸಿ, ಸ್ಟಿಕರ್ ಕಿತ್ತುಹಾಕಿ.

ಹೆಜ್ಜೆ 5: ಗಾಡಿ ಒಪ್ಪಿಸುವುದು

ನೀರು ಹಾಕಿ ತೊಳೆಸಿ, ಸಾಕು. ಡ್ಯಾಶ್‌ಬೋರ್ಡ್‌ಗೆ ಹೊಳಪು ಬರಿಸುವ ಅಗ್ಗದ ಸ್ಪ್ರೇ ಹೊಡೆಸಬೇಡಿ. ನಮ್ಮ 42 ಡಿಗ್ರಿ ಬಿಸಿಲಿಗೆ ಅಂಟಂಟಾಗಿ ಎಲ್ಲಾ ಧೂಳನ್ನೂ ಎಳೆದುಕೊಳ್ಳುತ್ತದೆ. ಆ ದುಡ್ಡಿಗೆ ವೈಪರ್ ರಬ್ಬರ್ ಹಾಕಿಸಿ. ಬ್ಯಾಟರಿ ಸೋತಿದ್ದರೆ ಹೊಸದು ಹಾಕಿಸಿ. ಮ್ಯೂಸಿಕ್ ಸಿಸ್ಟಮ್‌ನಲ್ಲಿರುವ ನಿಮ್ಮ ಫೋನ್ ನಂಬರುಗಳನ್ನು ಅಳಿಸಿ. ಜಾಕ್, ಸ್ಟೆಪ್ನಿ, ಎರಡನೇ ಕೀಲಿ ಜೊತೆಗಿರಲಿ.

ಆರ್‌ಸಿಯಲ್ಲಿ ಟ್ರಸ್ಟಿನ ಹೆಸರು ಬರುವವರೆಗೆ ಗಾಡಿ ನಿಮ್ಮ ಅಂಗಳದಲ್ಲೇ ಇರಲಿ. ‘ನಾಳೆ ಕಾರ್ಯಕ್ರಮ ಇದೆ, ಇವತ್ತೇ ಕೊಡಿ’ ಎಂದರೂ ಕೊಡಬೇಡಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ, ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು ಹೋಗಿದೆಯಾ ನೋಡಿ. ನಮ್ಮದು ಬದಲಾಗಲು ಮೂರು ವಾರ ಹಿಡಿಯಿತು. ಅಮ್ಮ ದಿನಾ ಸಂಜೆ ಫೋನ್ ತೆಗೆದು ನೋಡುತ್ತಿದ್ದರು.

ನಿಮ್ಮ ಹೆಸರು ಹೋದ ಮೇಲೆ ಎರಡು ಪ್ರತಿಯಲ್ಲಿ ಒಂದು ಚೀಟಿ ಬರೆಯಿರಿ: ತಾರೀಖು, ಗಂಟೆ ನಿಮಿಷ, ಮೀಟರ್ ಎಷ್ಟು ಕಿಲೋಮೀಟರ್ ತೋರಿಸುತ್ತಿದೆ, ಯಾರು ತೆಗೆದುಕೊಂಡರು. ಇಬ್ಬರೂ ಸಹಿ ಮಾಡಿ, ಮೀಟರಿನ ಫೋಟೊ ತೆಗೆಯಿರಿ. ಟ್ಯಾಂಕ್ ತುಂಬಿಸಿ, ಕೀಲಿ ಕೊಡಿ.